ತಲಾತು ಅತ್ತೆಯ ಒಂಟಿ ಫ್ಯಾನು

ತಲಾತು ಅತ್ತೆ ಕೋಣೆಗೆ ಬಂದರೆ ಮೊದಲು ಕಂಪ್ಯೂಟರಿನ ಬೆನ್ನಿಗೆ ಅಂಗೈ ಒಡ್ಡುತ್ತಿದ್ದಳು, ನಿದ್ದೆಹೋದ ಕೂಸಿನ ಮೂಗಿನ ಬಳಿ ತಾಯಂದಿರು ಬೆರಳು ಹಿಡಿದು ಉಸಿರು ನೋಡುವ ಹಾಗೆ. ಬಿಸಿಗಾಳಿ ಕೈಗೆ ತಾಗಿದ ಮೇಲೆಯೇ ಕುರ್ಚಿ ಎಳೆದುಕೊಳ್ಳುವುದು. ಎಡಗಾಲನ್ನು ತುಸು ಎಳೆದು ನಡೆಯುವ, ಹರ್ಮಟಾನ್ ಗಾಳಿ ಧೂಳು ಹೊತ್ತು ಬರುವ ತಿಂಗಳುಗಳಲ್ಲಿ ಗಂಡನ ಹಳೆಯ ಉಣ್ಣೆಯ ಕೋಟನ್ನು ಹೆಗಲಿಂದ ಇಳಿಸದ, ಎಲ್ಲ ಮಾತಿನ ಕೊನೆಗೂ "ಇರ್ಲಿ ಬಿಡು" ಎಂದು ಸೇರಿಸುವ ಈ ಹೆಂಗಸು ಫುಂಟುವಾ ಊರಿನ ಅರ್ಧದಷ್ಟು ಮದುವೆಗಳ ವಿಡಿಯೊಗಳನ್ನು ಕತ್ತರಿಸಿ ಜೋಡಿಸಿದವಳು. ಕಾಲೇಜಿಗೆಂದು ಬಂದ ನಾನು ಅವಳ ಮನೆಯಲ್ಲೇ ಉಳಿದಿದ್ದೆ.

ಆ ಕಂಪ್ಯೂಟರನ್ನು ಜೋಡಿಸಿಕೊಟ್ಟವನು ಅವಳ ಹಿರಿಯ ಮಗ ಶಂವಿಲು. ಕಾನೊ ರಸ್ತೆಯಲ್ಲಿ ಬಸ್ಸು ಉರುಳಿ ಅವನು ತೀರಿಕೊಂಡ. ಚೊಚ್ಚಲ ಮಗುವಿನ ಹೆಸರನ್ನು ಹೆತ್ತವಳು ನಾಲಿಗೆಯ ಮೇಲೆ ತರಬಾರದೆಂಬ ಲಜ್ಜೆ ನಮ್ಮ ಹೌಸಾ ಜನರದು. ಸಾವಿನ ಮನೆಗೆ ಬಂದವರೆಲ್ಲ ಅವನ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದಾಗ ಅವಳೊಬ್ಬಳು "ಆ ಹುಡುಗ" ಎಂದಷ್ಟೇ ಅಂದು ತಲೆ ತಗ್ಗಿಸಿದಳು. ಬದುಕಿದ್ದಾಗ ಕರೆಯದ ಹೆಸರನ್ನು ಸತ್ತ ಮೇಲೂ ಕರೆಯುವಂತಿರಲಿಲ್ಲ.

ಮರುವರ್ಷದ ಹರ್ಮಟಾನಿನಲ್ಲಿ, ಮದುವೆಗಳ ಭರಾಟೆಯ ನಡುವೆ, ಅವನು ಹಾಕಿದ್ದ, ಪರದೆಯ ಚಿತ್ರಗಳನ್ನು ಮೂಡಿಸುವ, ತನ್ನದೇ ಫ್ಯಾನಿದ್ದ ಗ್ರಾಫಿಕ್ಸ್ ಕಾರ್ಡು ಸುಟ್ಟುಹೋಯಿತು. ಮಾರುಕಟ್ಟೆಯ ಲಾವಾಲಿಯ ಅಂಗಡಿಗೆ ಇಬ್ಬರೂ ಹೋದೆವು.

"ಮೂರು ಫ್ಯಾನಿನ ಕಾರ್ಡು ತಗೊಳ್ಳಿ ಹಾಜಿಯಾ. ಓಡ್ತಾ ಇದ್ಯೋ ಇಲ್ವೋ ಗೊತ್ತೇ ಆಗಲ್ಲ," ಎಂದ ಅವನು.

"ಗೊತ್ತಾಗದಿದ್ರೆ ನನಗೆ ಹೇಗಯ್ಯಾ? ಮೊದಲಿನ ಹಾಗೆ ಒಂಟಿ ಫ್ಯಾನಿಂದು ಕೊಡು."

"ಅದೇನು ಫ್ಯಾನಾ? ಹಿಟ್ಟಿನ ಗಿರಣಿ. ಪಕ್ಕದ ಮನೆಯವರು ಜೋಳ ತಗೊಂಡು ಬರ್ತಾರೆ ನೋಡಿ."

"ಬಂದ್ರೆ ಬೀಸಿ ಕೊಡ್ತೀನಿ. ಇರ್ಲಿ ಬಿಡು."

ಒಂಟಿ ಫ್ಯಾನಿನದು ಕಾರ್ಡಿನ ಕಾವನ್ನೆಲ್ಲ ಗೋಳಾಡುತ್ತ ಪೆಟ್ಟಿಗೆಯ ಹಿಂಬದಿಯಿಂದ ಹೊರಗೆ ಊದುತ್ತದೆ. ಮೂರು ಫ್ಯಾನಿನದು ಕಾವನ್ನು ಸದ್ದಿಲ್ಲದೆ ಪೆಟ್ಟಿಗೆಯೊಳಗೇ ಹರಡುತ್ತದೆ. ನಮ್ಮ ಕಂಪ್ಯೂಟರು ಧೂಳಿಗೆ ಹೆದರಿ ಮರದ ಕಪಾಟು ಸೇರಿತ್ತು. ಬೆನ್ನು ಮಾತ್ರ ಅಂಗಳದ ಕಿಟಕಿಯತ್ತ ತೆರೆದಿತ್ತು. ಕಪಾಟಿನ ಬಾಗಿಲು ಒಂದಿಷ್ಟು ತೆರೆದಿಟ್ಟರೆ ಸಾಕು ಎಂದು ಲಾವಾಲಿ ಹೇಳಿದ, ನಾನೂ ದನಿಗೂಡಿಸಿದೆ. ಅತ್ತೆ ಒಪ್ಪಿ ಮೂರು ಫ್ಯಾನಿನದನ್ನೇ ಕೊಂಡಳು.

ಕೋಣೆ ನಿಶ್ಶಬ್ದವಾಯಿತು. ಅಂಗಳದಲ್ಲಿ ನೆರೆಮನೆಯ ಜುಮ್ಮಾಯಿ ಒರಳಿನಲ್ಲಿ ಕುಟ್ಟುವುದು, ಪೊರಕೆಯ ಸದ್ದು, ಯಾರದೋ ಕೆಮ್ಮು ಎಲ್ಲವೂ ಒಳಗೆ ಕೇಳತೊಡಗಿದವು. ಅತ್ತೆ ಬಂದು ಅಂಗೈ ಒಡ್ಡುವಳು, ಬಿಸಿಯುಸಿರು ತಾಗದೆ ಕೈ ಹಿಂದೆಗೆದುಕೊಳ್ಳುವಳು, ಪರದೆಯ ಮೇಲಿನ ಮದುಮಗಳನ್ನು ಅರೆಗಳಿಗೆ ನೋಡಿ ಎದ್ದು ಹೋಗುವಳು. ತಟ್ಟೆಯ ತುವೊ ಮುದ್ದೆ ಹಾಗೇ ಉಳಿಯುತ್ತಿತ್ತು. ಮದುವೆಯವರು ಬಂದು ಕೇಳಿದರೆ ಕಣ್ಣುನೋವೆಂದು ಹೇಳಿ ಕಳಿಸುವಳು.

"ಏನೇ ತಲಾತು, ನಿನ್ನ ಗಿರಣಿ ಸತ್ತೇ ಹೋಯ್ತಾ?" ಎಂದು ಜುಮ್ಮಾಯಿ ಕಿಟಕಿಯಿಂದ ಕೂಗಿದಳು. "ಅದರ ಬಿಸಿಗೆ ಬಾವೊಬಾಬ್ ಸೊಪ್ಪು ಒಣಗಿಸ್ಕೋತಿದ್ದೆ ನಾನು. ಈಗ ನಿನ್ನ ಮಾವನ ಬೆವರು ಮೋರೆ ಹಾಗೆ ಹಸೀನೇ ಕೂತಿದೆ."

ತನ್ನ ಗಂಡನ ಅಪ್ಪನ ಮೇಲಿನ ಕುಚೋದ್ಯಕ್ಕೆ ಯಾವಾಗಲೂ ನಗುತ್ತಿದ್ದ ಅತ್ತೆ ಅಂದು ನಗಲಿಲ್ಲ.

ಒಂದು ಬೆಳಿಗ್ಗೆ ಅವಳೇ ಕಾರ್ಡನ್ನು ಕಳಚಿ, ಕೋಟಿನ ಜೇಬಿನಲ್ಲಿಟ್ಟುಕೊಂಡು ಲಾವಾಲಿಯ ಬಳಿಗೆ ನಡೆದಳು. "ಒಂಟಿ ಫ್ಯಾನಿಂದು ಕೊಡು. ಯಾರೋ ಬಳಸಿದ್ದಾದ್ರೂ ಸರಿ."

"ಧೂಳು ಹೊಕ್ಕಿತಾ ಹಾಜಿಯಾ?"

"ಹೂಂ. ಧೂಳು."

ಮನೆಗೆ ಫ್ಯಾನಿನ ಗೋಳಾಟ ಮರಳಿತು. ಅತ್ತೆಯೂ ಕುರ್ಚಿಗೆ ಮರಳಿದಳು. ಕಪಾಟು ಮುಚ್ಚಿ, ಕೋಣೆಯ ಬಾಗಿಲು ಮುಂದೆ ಮಾಡಿ, ಹೊತ್ತು ಇಳಿಯುವತನಕ ಕೂರುವಳು. ಮದುವೆಗಳು ಒಂದೊಂದಾಗಿ ಮುಗಿದವು. ಹಳೆಯ ತಲೆ, ಹಳೆಯ ಹಟ ಎಂದುಕೊಂಡೆ.

ಒಂದು ಮಧ್ಯಾಹ್ನ ಚಹಾ ಹಿಡಿದು ಒಳಗೆ ಹೋದೆ. ಫ್ಯಾನಿನ ಅಬ್ಬರದಲ್ಲಿ ನನ್ನ ಹೆಜ್ಜೆ ಅವಳಿಗೆ ಕೇಳಿಸಲಿಲ್ಲ. ಅವಳ ತುಟಿಗಳು ಅಲುಗುತ್ತಿದ್ದವು. ಪ್ರಾರ್ಥನೆಯಿರಬೇಕೆಂದು ಬಾಗಿಲಲ್ಲೇ ನಿಂತೆ. ಆಗ, ನಮ್ಮೂರಿನಲ್ಲಿ ದಿನವೂ ಹೋಗುವ ಹಾಗೆಯೇ, ಕರೆಂಟು ಹೋಯಿತು. ಪರದೆ ಕಪ್ಪಾಯಿತು, ಫ್ಯಾನು ನಿಂತಿತು. ಅರ್ಧಕ್ಕೆ ತಡೆಯಲಾಗದ ಅವಳ ಮಾತು ಆ ಮೌನದೊಳಕ್ಕೆ ಪೂರ್ತಿ ದನಿಯಲ್ಲಿ ಬಿದ್ದಿತು:

"ಶಂವಿಲು, ಊಟ ಆಯ್ತೇನೋ, ಶಂವಿಲು?"

ಅಂಗಳದಲ್ಲಿ ಜುಮ್ಮಾಯಿಯ ಒನಕೆ ನಿಂತಿತು. ಮರುಕ್ಷಣ ಒನಕೆ ಮತ್ತೆ ಬಿದ್ದಿತು, ಮೊದಲಿಗಿಂತ ಜೋರಾಗಿ, ಮೊದಲಿಗಿಂತ ಬೇಗಬೇಗ, ಏನೂ ಕೇಳಿಸಲೇ ಇಲ್ಲವೆಂದು ಸಾರುವ ಹಾಗೆ.

ಅತ್ತೆ ತಿರುಗಿ ನನ್ನನ್ನು ನೋಡಿದಳು. "ಕರೆಂಟು ಹೋಯ್ತು," ಎಂದಳು.

"ಹೌದತ್ತೆ."

"ಇರ್ಲಿ ಬಿಡು."

ಚಹಾ ಇಟ್ಟು ಹೊರಗೆ ಬಂದೆ.

ಅಳುವುದಕ್ಕೂ ಒಂದು ಮರೆ ಬೇಕಾದವರು ಲೋಕದಲ್ಲಿ ನಾವೆಣಿಸಿದ್ದಕ್ಕಿಂತ ಹೆಚ್ಚು ಮಂದಿ ಇದ್ದಾರೆ. ಮೌನವೇ ನೆಮ್ಮದಿಯೆಂದು ನಂಬಿದ ನಾವು ಅವರ ಮನೆಗೆ ಮೌನವನ್ನೇ ಕೊಂಡೊಯ್ದು ಇಟ್ಟುಬರುತ್ತೇವೆ; ಅವರು ಅದನ್ನು ಸದ್ದಿಲ್ಲದೆ ಹಿಂದಿರುಗಿಸುತ್ತಾರೆ. ನೋವಿರುವುದು ಗಿರಣಿಯಲ್ಲಿ, ಒನಕೆಯಲ್ಲಿ, ಊದುವ ಫ್ಯಾನಿನಲ್ಲಿ ಅಲ್ಲ. ಅವೆಲ್ಲ ನಿಂತ ಮೇಲೆ ಉಳಿಯುವ ಒಂದು ಹೆಸರಿನಲ್ಲಿ.