ದೇವಮ್ಮನ ಗಾಳಿಯ ಪುಸ್ತಕ

ಚಟ್ಟದ ಮೇಲೆ, ಗಂಡನ ಎಡಮಗ್ಗುಲಿಗೆ, ಮೈದುನ ಕುಕ್ಕಪ್ಪ ಮೆಲ್ಲನೆ ಇರಿಸಿದ ಪುಸ್ತಕಗಳ ಕಟ್ಟನ್ನು ದೇವಮ್ಮ ಎರಡೂ ಕೈಗಳಿಂದ ಸೆಳೆದುಕೊಂಡಳು. ತುಳಸಿಯ ದಳಗಳು ಚೆದರಿ ನೆಲಕ್ಕೆ ಬಿದ್ದವು. ಹೊರಲು ಬಗ್ಗಿದ್ದ ನಾಲ್ವರು ಬಗ್ಗಿದಂತೆಯೇ ನಿಂತರು.

"ಎಂತ ಅತ್ತಿಗೆ ಇದು?" ಕುಕ್ಕಪ್ಪ ದನಿ ತಗ್ಗಿಸಿ ಕೇಳಿದ. "ಅಣ್ಣನಿಗೆ ಪ್ರೀತಿಯ ವಸ್ತು. ಎಲೆಯಡಿಕೆ ಡಬ್ಬಿ ಇಟ್ಟಾಯ್ತು, ಕನ್ನಡಕ ಇಟ್ಟಾಯ್ತು. ಇದೂ ಅವನ ಒಟ್ಟಿಗೆ ಹೋಗ್ಲಿ."

"ಹೋಗುದಿಲ್ಲ."

"ಊರಿನವರು ನೋಡ್ತಾ ಇದ್ದಾರೆ ಅತ್ತಿಗೆ."

"ನೋಡ್ಲಿ. ಇದನ್ನು ನಿನಗೆ ಹೇಳಿಕೊಟ್ಟದ್ದು ಯಾರು? ಇಷ್ಟು ಬುದ್ಧಿ ನಿನ್ನ ತಲೆಯಲ್ಲಿ ಯಾವತ್ತೂ ಇರ್ಲಿಲ್ಲ."

ಕುಕ್ಕಪ್ಪನ ಕಣ್ಣು ತನ್ನಷ್ಟಕ್ಕೆ ಅಂಗಳದ ಮೂಲೆಗೆ ಹೊರಳಿತು. ಅಲ್ಲಿ, ಬಿಳಿಯ ಶಾಲು ಹೊದ್ದು, ಕಲ್ಲಿನ ಕೋರೆಯ ಧಣಿ ವೆಂಕಟ್ರಮಣ ಕುರ್ಚಿಯಲ್ಲಿ ಕುಳಿತಿದ್ದ. ಶವದ ಮೇಲಿದ್ದ ಹಾರಗಳಲ್ಲೆಲ್ಲ ದೊಡ್ಡದು ಅವನು ಬೆಳ್ಳಾರೆಯಿಂದ ತರಿಸಿದ್ದು. ಕುಕ್ಕಪ್ಪನ ಲಾರಿ ಆರು ವರ್ಷಗಳಿಂದ ಓಡುತ್ತಿದ್ದುದು ಅವನ ಕೋರೆಯ ಜಲ್ಲಿಯನ್ನು ಹೊತ್ತು.

"ನಾನೇ ಹೇಳಿದ್ದು, ದೇವಮ್ಮಕ್ಕ," ಎಂದ ವೆಂಕಟ್ರಮಣ. ಅವನ ಮಾತಿನಲ್ಲಿ ಜೇನು ಒಸರುತ್ತಿತ್ತು. "ಮಾಸ್ತರ ಜೀವ ಇದ್ದದ್ದೇ ಆ ಪುಸ್ತಕಗಳಲ್ಲಿ. ಮನೆಯಲ್ಲಿ ಇಟ್ಟರೆ ಗೆದ್ದಲು ತಿಂತದೆ. ಬೇಗ ಮುಗಿಸುವ ಮಾರಾಯ್ರೆ, ನಾಲ್ಕು ಗಂಟೆಯ ಒಳಗೆ ಎಲ್ಲ ಮುಗೀಬೇಕು."

"ಗೆದ್ದಲಿನ ಚಿಂತೆ ನಿಮಗೆ ಬೇಡ," ಎಂದಳು ನೆರೆಮನೆಯ ಕದೀಜಮ್ಮ. "ನನ್ನ ಅಡುಗೆಕೋಣೆಯ ಗೋಡೆಯ ಚಿಂತೆ ಮಾಡಿ. ಬಿರುಕಿನಲ್ಲಿ ಕೋಳಿ ಬರ್ತದೆ, ಹೋಗ್ತದೆ. ಬಾಗಿಲು ಎಲ್ಲುಂಟು ಅಂತ್ಲೇ ಮರೆತುಬಿಟ್ಟಿದೆ."

ಯಾರೋ ನಗಲು ಹೊರಟು, ಸಾವಿನ ಮನೆಯೆಂಬುದು ನೆನಪಾಗಿ ಕೆಮ್ಮಿದರು.

ಬರುವ ಸೋಮವಾರ ಪುತ್ತೂರಿನಲ್ಲಿ ಎರಡನೆಯ ವಿಚಾರಣೆ. ಶಾಲೆಯ ಗೋಡೆ ಕುಸಿದದ್ದೂ ಹನ್ನೆರಡು ಮನೆಗಳ ಗೋಡೆ ಬಿರಿದದ್ದೂ ಕೋರೆಯಲ್ಲಿ ಬಂಡೆ ಸಿಡಿಸುವ ಮದ್ದಿನಿಂದಲೇ ಎಂಬುದಕ್ಕೆ ಊರಿನವರ ಬಳಿ ಇದ್ದ ಸಾಕ್ಷಿ ಆ ಎರಡು ಪುಸ್ತಕಗಳು ಮಾತ್ರ. "ಮದ್ದಿನ ಸದ್ದು ಬರ್ತದೆ, ಅಷ್ಟೇ. ನೆಲ ನಡುಗುದಿಲ್ಲ. ಮನೆ ಅಲುಗುದು ಗಾಳಿಗೆ," ಎಂಬುದು ವೆಂಕಟ್ರಮಣನ ವಾದ.

* * *

ನಿವೃತ್ತರಾದ ವರ್ಷವೇ ದೇವಮ್ಮನ ಗಂಡ ಬೆಳ್ಯಪ್ಪ ಮಾಸ್ತರು ಒಳಕೋಣೆಯ ತೊಲೆಯಿಂದ ಕಬ್ಬಿಣದ ಗುಂಡೊಂದನ್ನು ತಂತಿಯಲ್ಲಿ ಇಳಿಬಿಟ್ಟಿದ್ದರು. ಗುಂಡಿನ ಅಡಿಗೆ ಸೂಜಿ; ಸೂಜಿಯ ಅಡಿಗೆ ದೀಪದ ಮಸಿ ಹಿಡಿಸಿದ ಗಾಜು. ನೆಲ ನಡುಗಿದರೆ ಸೂಜಿ ಮಸಿಯ ಮೇಲೆ ಗೀಚುತ್ತಿತ್ತು. ಆ ಗಳಿಗೆಯನ್ನು ಅವರು ಪುಸ್ತಕದಲ್ಲಿ ಬರೆಯುತ್ತಿದ್ದರು. ಆದರೆ ಗಾಳಿ ಬಲವಾದಾಗ ಹಂಚಿನ ಮಾಡು ಅಲುಗಿ, ತೊಲೆ ಅಲುಗಿ, ಸೂಜಿ ಆಗಲೂ ಗೀಚುತ್ತಿತ್ತು.

ಒಂದು ದಿನ ಅವರು ಪತ್ರಿಕೆಯೊಂದನ್ನು ಮಡಚಿ ಹಿಡಿದು ಅಡುಗೆಕೋಣೆಗೆ ಬಂದರು.

"ಮಂಗಳ ಗ್ರಹದಲ್ಲಿ ಯಂತ್ರ ಇಳಿಸಿದ್ದಾರಲ್ಲ, ಅದರ ಕತೆ ಕೇಳು. ನೆಲದ ನಡುಕ ನೋಡುವ ಉಪಕರಣವನ್ನು ಯಂತ್ರದ ಮೇಲೆಯೇ ಕೂರಿಸಿದ್ದಾರೆ. ಗಾಳಿ ಬಂದ್ರೆ ಯಂತ್ರ ಅಲುಗ್ತದೆ. ಉಪಕರಣ ಅದನ್ನೂ ನಡುಕ ಅಂತ ಬರೀತದೆ. ನಮ್ಮ ತೊಲೆಯ ಹಾಗೆಯೇ!"

"ಹಾಗಾದ್ರೆ ಅವರೂ ನಿಮ್ಮಷ್ಟೇ ಬುದ್ಧಿವಂತರು."

"ಪೂರ್ತಿ ಕೇಳು ಮಾರಾಯ್ತಿ. ಗಾಳಿ ನೋಡ್ಲಿಕ್ಕೆ ಬೇರೆ ಉಪಕರಣ ಉಂಟು. ಎರಡರ ಬರಹವನ್ನೂ ಒಟ್ಟಿಗಿಟ್ಟು ನೋಡುದು. ಗಾಳಿ ಇದ್ದಾಗಿನ ನಡುಕವನ್ನು ಹೊಡೆದುಹಾಕುದು. ಗಾಳಿ ಇಲ್ಲದಾಗಲೂ ನಡುಗಿದ್ರೆ, ಅದು ನೆಲದ್ದು. ಇನ್ನು ಗಾಳಿಯ ಪುಸ್ತಕ ನಿನ್ನದು."

ಮೂರನೆಯ ತರಗತಿಯವರೆಗೆ ಓದಿದ್ದ ದೇವಮ್ಮ ಬಾವಿಕಟ್ಟೆಯ ಬಳಿಯ ಬಾಳೆಯನ್ನು ನೋಡಿ ಬರೆಯತೊಡಗಿದಳು. ಎಲೆ ಅಲುಗದಿದ್ದರೆ ಸೊನ್ನೆ. ಅಂಚು ಮಾತ್ರ ಅಲುಗಿದರೆ ಒಂದು. ಇಡೀ ಎಲೆ ತೂಗಿದರೆ ಎರಡು. ದಿಂಡು ಬಾಗಿದರೆ ಮೂರು. ಗಡಿಯಾರ ಹೊಡೆದಾಗಲೆಲ್ಲ, ಕೋರೆಯ ಸದ್ದು ಕೇಳಿದಾಗಲೆಲ್ಲ, ಒಲೆಯ ಮೇಲಿದ್ದುದನ್ನು ಬಿಟ್ಟು ಅಂಗಳಕ್ಕೆ ಓಡಿದಳು. ಐದು ವರ್ಷ ಓಡಿದಳು. ಅವಳ ಅನ್ನ ಎಷ್ಟು ಸಲ ಸೀದಿತೆಂಬುದನ್ನು ಯಾವ ಪುಸ್ತಕದಲ್ಲೂ ಯಾರೂ ಬರೆಯಲಿಲ್ಲ.

* * *

ಮೊದಲನೆಯ ವಿಚಾರಣೆಯಲ್ಲಿ ಸಾಹೇಬರು ಪುಸ್ತಕದ ಪುಟ ಮಗುಚಿ, "ಗಾಳಿ ನೋಡಿದ್ದು ಯಾರು?" ಎಂದು ಕೇಳಿದ್ದರು.

"ನನ್ನ ಹೆಂಡತಿ," ಎಂದರು ಮಾಸ್ತರು.

"ಬಾಳೆಲೆ ನೋಡಿ ಬರ್ದದ್ದು ಸ್ವಾಮಿ!" ಎಂದ ವೆಂಕಟ್ರಮಣ. "ಊಟಕ್ಕೆ ಎಲೆ ಕೊಯ್ದ ದಿವಸ ಎಂತ ಬರೆದರೋ!"

ಕೋಣೆ ನಗೆಯಿಂದ ತುಂಬಿತು. ಬಾಗಿಲ ಬಳಿ ನಿಂತಿದ್ದ ದೇವಮ್ಮನ ಕಿವಿಯ ತುದಿ ಕಾದು ಕೆಂಡವಾಯಿತು. ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಿತ್ತು. ಶಾಲೆಯ ಗೋಡೆ ಕುಸಿದ ದಿನದ ಪುಟವನ್ನು ವೆಂಕಟ್ರಮಣನೇ ಬಿಡಿಸಿ ತೋರಿಸಿದ. ಸೂಜಿ ಗೀಚಿದ್ದು ಒಂದು ಪುಸ್ತಕದಲ್ಲಿತ್ತು. ಇನ್ನೊಂದರಲ್ಲಿ ಆ ದಿನದ ಗಾಳಿಯ ಜಾಗ ಖಾಲಿ. ದೇವಮ್ಮ ತಂಗಿಯ ಬಾಣಂತನಕ್ಕೆಂದು ಕಲ್ಲುಗುಂಡಿಗೆ ಹೋಗಿದ್ದಳು. ಮಾಸ್ತರು ಗೋಡೆ ಬಿದ್ದ ಸದ್ದಿಗೆ ಮಕ್ಕಳ ಕಡೆಗೆ ಓಡಿದ್ದರು. ಬಾಳೆಯ ಕಡೆ ನೋಡಿದವರಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಅವಳು ಕಿಡಿಯಾದಳು. "ಒಂದು ಸೊನ್ನೆ ಹಾಕಿದ್ರೆ ನಿಮ್ಮ ಕೈ ಸವೀತಿತ್ತಾ? ಆ ದಿವಸ ಗಾಳಿ ಇರ್ಲಿಲ್ಲ ಅಂತ ಊರಿಗೇ ಗೊತ್ತು."

"ನೋಡದ್ದನ್ನು ಬರೆದ್ರೆ ನೀನು ನೋಡಿ ಬರೆದದ್ದೂ ಸುಳ್ಳಾಗ್ತದೆ. ಮಂಗಳದಲ್ಲೂ ಹೀಗೇ ಆದದ್ದು. ನಿಜವಾದ ನಡುಕ ಇರ್ಬಹುದು ಅಂತ ತೋರಿದ್ದು ಒಂದೇ ಒಂದು. ಆ ಗಳಿಗೆಯ ಗಾಳಿಯ ಲೆಕ್ಕ ಅವರ ಹತ್ರ ಇರ್ಲಿಲ್ಲ. ಖಂಡಿತ ಹೇಳ್ಲಿಕ್ಕೆ ಆಗುದಿಲ್ಲ ಅಂತ್ಲೇ ಬರೆದ್ರು."

"ಅಲ್ಲಿ ಯಾವ ಶಾಲೆಯ ಗೋಡೆ ಬಿದ್ದಿತ್ತು?"

ಎಂಟು ದಿನ ಅವಳು ಅವರೊಡನೆ ಮಾತು ಬಿಟ್ಟಳು. ಒಂಬತ್ತನೆಯ ಬೆಳಗ್ಗೆ, ಎದೆನೋವೆಂದು ಮಲಗಿದವರು ಏಳಲಿಲ್ಲ.

* * *

ಆ ಸಿಟ್ಟಿಗೆ ಈಗ ಇಳಿಯಲು ಎಡೆಯಿರಲಿಲ್ಲ. ಅವಳು ಪುಸ್ತಕಗಳನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಬಿಗಿದಳು.

"ಬೇಡ ಅತ್ತಿಗೆ, ಕೊಡಿ. ಧಣಿಗಳು ಇಷ್ಟು ಹೊತ್ತು ಕಾದಿದ್ದಾರೆ."

"ನಿನ್ನ ಅಣ್ಣನೂ ಕಾಯ್ತಾ ಇದ್ದಾರೆ. ಅವರಿಗೆ ಯಾವ ಅವಸರವೂ ಇಲ್ಲ. ಪುಸ್ತಕ ಬೇಕಾದ್ರೆ ನನ್ನನ್ನೂ ಇದೇ ಚಟ್ಟಕ್ಕೆ ಕಟ್ಟಿ."

ಹಿರಿಯರು ಹೇಳಿ ನೋಡಿದರು, ಗದರಿಸಿ ನೋಡಿದರು. ಅರ್ಧ ಗಂಟೆಯಾದರೂ ಅವಳು ಚಟ್ಟದ ಮುಂದಿನಿಂದ ಕದಲಲಿಲ್ಲ. ಕೊನೆಗೆ ಕುಕ್ಕಪ್ಪನೇ ಸೋತು, ಪುಸ್ತಕಗಳಿಲ್ಲದೆಯೇ ಚಟ್ಟ ಎತ್ತಿಸಿದ.

ಕೆಳಗಿನ ಗದ್ದೆಯಲ್ಲಿ ಮಾವಿನ ಸೌದೆ ಒಟ್ಟಿದ್ದರು. ಹೆಂಗಸರು ಅಂಗಳದ ಅಂಚಿನಲ್ಲಿ ನಿಂತರು. ಕುಕ್ಕಪ್ಪ ಒದ್ದೆ ಪಂಚೆಯಲ್ಲಿ ಸುತ್ತು ಬಂದು ಬೆಂಕಿ ಇಟ್ಟ. ವೆಂಕಟ್ರಮಣ ಎಲ್ಲರಿಗಿಂತ ಮುಂದೆ, ಕೈಮುಗಿದು ನಿಂತಿದ್ದ. ಬೆಂಕಿ ಹಿಡಿದು ಹೊಗೆ ಏಳುತ್ತಿದ್ದಂತೆ ಗುಡ್ಡದ ಆಚೆಯಿಂದ ಕೋರೆಯ ಸದ್ದು ಬಂತು. ಸದ್ದಿನ ಒಡನೆಯೇ ಗದ್ದೆಯ ನೆಲ ಬರಿಗಾಲುಗಳ ಕೆಳಗೆ ಒಮ್ಮೆ ಅದುರಿತು. ಚಿತೆಯ ಬದಿಯ ದಿಮ್ಮಿಯೊಂದು ಜಾರಿ ಉರುಳಿತು. ಮಾಸ್ತರ ಪಾದಗಳು ಸೌದೆಯಿಂದ ಹೊರಗೆ ಬಂದವು.

"ಇವತ್ತೂ ಬಿಡ್ಲಿಲ್ಲ ಇವರು!" ಎಂದು ಯಾರೋ ಕೂಗಿದರು.

"ನಾಲ್ಕರ ಮೇಲೆ ಮದ್ದಿಡಿ ಅಂತ ಹೇಳಿದ್ದೆ ನಾನು, ಇಲ್ಲಿ ಇಷ್ಟು ತಡ ಆಗ್ತದೆ ಅಂತ..." ಎಂದ ವೆಂಕಟ್ರಮಣ ಅಲ್ಲಿಗೇ ಮಾತು ನುಂಗಿ, "ದಿಮ್ಮಿ ಜಾರಿದ್ದು ಗಾಳಿಗೆ," ಎಂದ.

ಮೇಲಿನಿಂದ ದೇವಮ್ಮನ ದನಿ ಬಂತು. ಅಳುವಿನ ದನಿಯಲ್ಲ ಅದು. "ಗಂಟೆ ಎಷ್ಟಾಯ್ತು?"

ವೆಂಕಟ್ರಮಣ ಗಡಿಯಾರ ಕಟ್ಟಿದ ಕೈಯನ್ನು ಶಾಲಿನೊಳಕ್ಕೆ ಎಳೆದುಕೊಂಡ.

ಕುಕ್ಕಪ್ಪ ಬಗ್ಗಿ, ದಿಮ್ಮಿಯನ್ನು ಎತ್ತಿ, ಅಣ್ಣನ ಪಾದಗಳ ಮೇಲೆ ಇಟ್ಟ. ಬಳಿಕ ನೇರವಾಗಿ ನಡೆದುಹೋಗಿ, ಧಣಿಯ ಕೈಯನ್ನು ಶಾಲಿನಿಂದ ಹೊರಗೆಳೆದು, ಮಣಿಕಟ್ಟನ್ನು ಬೆಳಕಿಗೆ ತಿರುಗಿಸಿದ.

"ನಾಲ್ಕು ಕಳೆದು ಏಳು ನಿಮಿಷ, ಅತ್ತಿಗೆ!"

ಹಿಡಿದ ಕೈಯನ್ನು ಅವನು ಬಿಡಲಿಲ್ಲ. ಗದ್ದೆಯಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಮುಖ ಎತ್ತತೊಡಗಿದರು. ಕೊನೆಗೆ ವೆಂಕಟ್ರಮಣನೂ ಎತ್ತಿದ. ಚಿತೆಯ ಹೊಗೆ ಎಡಕ್ಕೂ ಬಾಗದೆ, ಬಲಕ್ಕೂ ಬಾಗದೆ, ನೆಟ್ಟ ಕಂಬದ ಹಾಗೆ ಆಕಾಶಕ್ಕೆ ನಿಂತಿತ್ತು.