ಏಳುಬಾವಿಯ ರಾಜಕುಮಾರಿ ಆಡದ ಮಾತು

“ಅವ್ಳು ದಾಸಿ ಅಲ್ಲ ಕಣೇ, ರಾಜಕುಮಾರಿಗೆ ಅತ್ತಿಗೆ!”

ಅನಸೂಯಮ್ಮ ಕೂಗಿಯೇಬಿಟ್ಟಳು. ಟೆಂಟಿನಲ್ಲಿ ಮರಳ ಮೇಲೆ ಕೂತಿದ್ದವರೆಲ್ಲ ತಿರುಗಿ ನೋಡಿ ನಕ್ಕರು. ತೆರೆಯ ಮೇಲೆ ಆ ಹೆಂಗಸು ಮಾತ್ರ ಒಂದಿಷ್ಟೂ ನಾಚಿಕೆಯಿಲ್ಲದೆ ಏಳುಬಾವಿ ಕೋಟೆಯ ರಾಜಕುಮಾರಿಯ ಕಾಲೊತ್ತುತ್ತಿದ್ದಳು.

“ಸುಮ್ನೆ ನೋಡೇ,” ಎಂದು ಪಕ್ಕದ ಮನೆಯ ಅಮ್ಮಾಜಮ್ಮ ತಿವಿದಳು. “ಊರಿಗೊಂದು ದಾರಿ ಆದ್ರೆ ನಿಂಗೊಂದು ದಾರಿ. ಸಿನಿಮಾ ತೆಗ್ದೋರ್ಗಿಂತ ನಿಂಗೆ ಜಾಸ್ತಿ ಗೊತ್ತಾ?”

ಗೊತ್ತಿತ್ತು. ವಾರಪತ್ರಿಕೆಯಲ್ಲಿ ಇದೇ ಕಥೆ ಚಿತ್ರಗಳ ಜೊತೆ ಬರುತ್ತಿದ್ದಾಗ ಅನಸೂಯಮ್ಮ ಒಂದು ವಾರವೂ ತಪ್ಪಿಸಿದವಳಲ್ಲ. ಓದು ಬಾರದು, ಅದು ಬೇರೆ ಮಾತು. ಎಳೆಯ ರೇಷ್ಮೆಹುಳುವನ್ನು ತಟ್ಟೆಯಲ್ಲಿ ಹಳೇ ಕಾಗದ ಹಾಸಿ ಬಿಡುತ್ತಾರಲ್ಲ, ಅದಕ್ಕೆಂದು ಶಿಡ್ಲಘಟ್ಟದ ಗೂಡಿನ ವ್ಯಾಪಾರಿ ವಜೀರ್ ಸಾಹೇಬರು ತಾವು ಓದಿ ಮುಗಿಸಿದ ಪತ್ರಿಕೆಗಳನ್ನು ತಂದುಕೊಡುತ್ತಿದ್ದರು. ಹಾಸುವ ಮುಂಚೆ ನಾದಿನಿ ಶ್ಯಾಮಲಮ್ಮ ಗಟ್ಟಿಯಾಗಿ ಓದುವಳು. ಅನಸೂಯಮ್ಮ ಬಾಯಿ ಬಿಟ್ಟುಕೊಂಡು ಚಿತ್ರ ನೋಡುವಳು.

ಅವಳು ಕೇಳಿದ ಕಥೆ ಹೀಗಿತ್ತು. ರಾಜಕುಮಾರಿಯನ್ನು ನೆರೆಯ ಮುದಿರಾಜನಿಗೆ ಕೊಡುವುದಾಗಿ ಅಣ್ಣ ಮಾತು ಕೊಟ್ಟಿದ್ದಾನೆ. ಪಕ್ಕದಲ್ಲೇ ಇರುವ ಅತ್ತಿಗೆಯನ್ನು ಅವಳು ವಾರವಾರವೂ ಬೇಡುತ್ತಾಳೆ: “ಅತ್ತಿಗೇ, ಅಣ್ಣಂಗೆ ಒಂದು ಮಾತು ಹೇಳು. ಆ ಮನೆಗೆ ನಾನು ಹೋಗಲ್ಲ.” ಅತ್ತಿಗೆ ತಲೆ ಬಾಗಿಸಿ ಕೂತಿರುತ್ತಾಳೆ.

ಕಥೆ ಕೊನೆಗೆ ಏನಾಯಿತೆಂದು ಅನಸೂಯಮ್ಮನಿಗೆ ತಿಳಿಯಲಿಲ್ಲ. ರಾಜಕುಮಾರಿ ಬಾವಿಯ ಕಟ್ಟೆ ಹತ್ತಿ ನಿಂತ ವಾರವೇ ಶ್ಯಾಮಲಮ್ಮ ನೀರು ಸೇದಲು ಹೋಗಿ ಪಾಚಿಯಲ್ಲಿ ಕಾಲು ಜಾರಿ ಬಾವಿಗೆ ಬಿದ್ದು ಸತ್ತಳು. ಗೌರಿಬಿದನೂರಿನ ಎರಡನೇ ಸಂಬಂಧದವನ ಜೊತೆ ನಿಶ್ಚಿತಾರ್ಥಕ್ಕೆ ಮೂರೇ ದಿನ ಇತ್ತು. ಅವಳ ಅಣ್ಣ, ಅನಸೂಯಮ್ಮನ ಗಂಡ ಮುನಿಗಂಗಪ್ಪ ಒಪ್ಪಿದ್ದ, ಅನಸೂಯಮ್ಮ ಸೀರೆ ಆರಿಸಿದ್ದಳು. ಜಾರಿತು ಎಂದು ಊರೆಲ್ಲ ಹೇಳಿತು, ಅವಳೂ ನಂಬಿ ಎರಡು ವರ್ಷ ಅತ್ತಿದ್ದಳು.

ಈಗ ತೆರೆಯ ಮೇಲೆ ಅದೇ ಬಾವಿ ಬಂತು. ಪತ್ರಿಕೆಯಲ್ಲಿದ್ದಂತೆಯೇ ಏಳು ಮೆಟ್ಟಿಲು, ಅದೇ ಬಾಗಿದ ಮರ. ರಾಜಕುಮಾರಿ ಕಟ್ಟೆ ಹತ್ತಿ ಇವಳ ಕಡೆಗೇ ತಿರುಗಿದಳು. ಅವಳ ತುಟಿ ಅಲುಗಿದಾಗ ಜನ ಚಪ್ಪಾಳೆ ಹೊಡೆದರು; ಸುರಂಗದಿಂದ ಸೈನ್ಯ ನುಗ್ಗಿಸುವ ಮಾತೇನೋ ಇರಬೇಕು. ಅನಸೂಯಮ್ಮನಿಗೆ ಅದು ಕೇಳಿಸಲಿಲ್ಲ. ಹಿಂದೆ ಸಿನಿಮಾ ಯಂತ್ರ, ಹುಳು ಸೊಪ್ಪು ಮೇಯುವ ಹಾಗೆ ಸರಸರ ಸದ್ದು ಮಾಡುತ್ತಿತ್ತು. ಆ ಸದ್ದಿನೊಳಗಿಂದ, ಕಿವಿಯ ಪಕ್ಕದಲ್ಲೇ, “ಅತ್ತಿಗೇ” ಎಂದಂತಾಯಿತು. ತಿರುಗಿದರೆ ಅಮ್ಮಾಜಮ್ಮ ಕಡ್ಲೆಕಾಯಿ ಸುಲಿಯುತ್ತಿದ್ದಳು.

ಬೆಳಿಗ್ಗೆ ವಜೀರ್ ಸಾಹೇಬರು ಈ ಸಲದ ಬೆಳೆ ನೋಡಲು ಬಂದಾಗ ಅವಳು ಪೆಟ್ಟಿಗೆಯಿಂದ ಶ್ಯಾಮಲಮ್ಮ ಕೊನೆಗೆ ಓದಿದ್ದ ಹಾಳೆ ತೆಗೆದುಕೊಟ್ಟಳು. ಅದೊಂದನ್ನು ಹುಳುವಿಗೆ ಹಾಸಲು ಅವಳಿಗೆ ಮನಸ್ಸು ಬಂದಿರಲಿಲ್ಲ.

“ಇದ್ರಲ್ಲಿ ಅತ್ತಿಗೆ ಮಾತು ಎಲ್ಲಿದೆ, ಓದಿ ಸಾಬ್ರೇ.”

ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. “ಅತ್ತಿಗೆ ಅಂತ ಇಲ್ವಲ್ಲಮ್ಮ. ಇವ್ಳು ದಾಸಿ. ಆ ಮುದುಕ ದುಶ್ಮನ್, ಕೋಟೆ ಹಿಡಿಯಕ್ ಬಂದೋನು.”

“ಮದ್ವೆ?”

“ಮದ್ವೆ ಮಾತೇ ಇಲ್ಲಮ್ಮ. ನಾನು ಎಲ್ಲಾ ವಾರ ಓದಿದೀನಲ್ಲ. ಸಿನಿಮಾದೋರು ಇದ್ದದ್ದು ಇದ್ದಂಗೇ ತೆಗ್ದವ್ರೆ.”

ಅನಸೂಯಮ್ಮ ಹಾಳೆ ಹಿಡಿದು ಹುಳುಮನೆಗೆ ಬಂದಳು. ಅವತ್ತು, ಇದೇ ಹಾಳೆಯ ಮುಂದೆ ಕೂತು, ಅವಳಿಗೆ ಆ ಅತ್ತಿಗೆಯ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. “ಎಂಥಾ ಹೆಂಗ್ಸೇ ಅವ್ಳು! ಬಾಯಿ ಬಿದ್ದೋಗಿತ್ತಾ? ಏನೂ ಮಾಡ್ಲೇ ಇಲ್ವಾ?” ಎಂದು ಕೇಳಿದ್ದಳು. ಶ್ಯಾಮಲಮ್ಮ ಓದುವುದನ್ನು ನಿಲ್ಲಿಸಿ ಅವಳ ಮುಖವನ್ನೇ ಬಹಳ ಹೊತ್ತು ನೋಡಿದ್ದಳು. “ಇಲ್ಲ ಅತ್ತಿಗೇ. ಇನ್ನೂ ಏನೂ ಮಾಡಿಲ್ಲ.”

ಹುಳುಮನೆಯಲ್ಲಿ ಸದ್ದೇ ಇರಲಿಲ್ಲ. ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಕಳಚುವವರೆಗೆ ಮೇಯುವುದಿಲ್ಲ, ಅಲುಗುವುದಿಲ್ಲ. ತಟ್ಟೆ ತಟ್ಟೆಯಲ್ಲೂ ಸಾವಿರಾರು ಹುಳು ತಲೆ ಎತ್ತಿಕೊಂಡು, ಯಾರೋ ಓದುವುದನ್ನು ನಿಲ್ಲಿಸಿದಾಗ ಕಾಯುವವರ ಹಾಗೆ ಕೂತಿದ್ದವು.

“ಹುಳು ಜ್ವರ ಬಿಟ್ಟು ಎದ್ವಾ, ಸೊಪ್ಪು ಹಾಕ್ದೇನಮ್ಮಾ?” ಅತ್ತೆ ಲಕ್ಷ್ಮೀನರಸಮ್ಮ ಹೊರಗಿನಿಂದ ಕೇಳಿದಳು.

ಅನಸೂಯಮ್ಮ ಹಾಳೆಯನ್ನು ಮೊಣಕಾಲ ಮೇಲೆ ಹರವಿಕೊಂಡು, ಬಾವಿಕಟ್ಟೆಯ ಚಿತ್ರದ ಮೇಲೆ ಬೆರಳಿಟ್ಟಳು.

“ಇಲ್ಲ ಅತ್ತೆ,” ಎಂದಳು. “ಇನ್ನೂ ಏನೂ ಮಾಡಿಲ್ಲ.”