ಹೇಳಿದವರ ಹೆಸರು

"ಇದು ಅಪ್ಪ ಯಾರು ಅಂತ ಗೊತ್ತಿಲ್ಲದ ಕೂಸು ಕಣೋ. ಹೇಳಿದೋರ ಹೆಸರಿಲ್ಲದ ಮಾತು ಸಂಶೋಧನೇಲಿ ಮಾತೇ ಅಲ್ಲ. ಯಾವ ಬೋಳಿ ಹೇಳಿದ್ದು? ಬರಿ ಹೆಸರು."

ಪ್ರೊಫೆಸರ್ ಚನ್ನಬಸವಯ್ಯನವರು ಚೀಟಿಗಳ ಕಟ್ಟನ್ನು ಮೇಜಿನ ಮೇಲೆ ಎಸೆದರು. ಜವರಯ್ಯ ನಿಂತೇ ಇದ್ದ. ಸಲಹಾ ಸಮಿತಿಯ ಮುಂದೆ ಬರುವ ಪಿಎಚ್.ಡಿ. ವಿದ್ಯಾರ್ಥಿಗೆ ಒಂದು ಕುರ್ಚಿ ಹಾಕುವುದು ಆ ಸಂಸ್ಥೆಯ ಪದ್ಧತಿ. ಜವರಯ್ಯನ ಸರದಿ ಬಂದಾಗ ಮಾತ್ರ ಆ ಕುರ್ಚಿಯ ಮೇಲೆ ಹಳೆಯ ಫೈಲುಗಳು ಆರಾಮಾಗಿ ಕೂತಿರುತ್ತಿದ್ದವು. ಮೂರು ವರ್ಷದಿಂದ ಅವನ್ನು ಯಾರೂ ಎತ್ತಿರಲಿಲ್ಲ.

ಸಮಿತಿಯೆಂದರೆ ಇಬ್ಬರೇ. ಮಾರ್ಗದರ್ಶಕರಾದ ಚನ್ನಬಸವಯ್ಯ ಮತ್ತು ಭಾಷಾವಿಜ್ಞಾನ ಕಲಿಸುವ ಪ್ರೇಮಲೀಲಾ. ಮೂರನೆಯವರು ಬರುತ್ತೇನೆಂದು ಕಾಗದ ಬರೆದು ಬಾರದೆ ಉಳಿಯುವುದು ವಾಡಿಕೆ. ಇವತ್ತು ಇವರಿಬ್ಬರು ರುಜು ಹಾಕದಿದ್ದರೆ ಜವರಯ್ಯನ ನೋಂದಣಿ ರದ್ದು. ಇಲವಾಲದ ಹೊಲಗೇರಿಯಿಂದ ಹೊರಟು ಮೈಸೂರಿನ ಈ ಮಹಡಿ ಹತ್ತಿದ ಮೊದಲನೆಯವನು ಅವನು. ಇಳಿದರೆ ಮತ್ತೆ ಹತ್ತುವುದು ಕನಸಿನ ಮಾತು.

ಇಲವಾಲದ ಸುತ್ತ ಗದ್ದೆ ಕೂಲಿಗಳು ಆಡುವ ಮಾತುಗಳನ್ನು ಅವನು ಕೂಡಿಹಾಕುತ್ತಿದ್ದ. ಒಂದೊಂದು ಮಾತಿಗೆ ಒಂದೊಂದು ಚೀಟಿ. ಚೀಟಿಯ ಕೆಳಗೆ ಹೇಳಿದವರ ಹೆಸರು, ವಯಸ್ಸು, ಊರು, ಜಾತಿ, ಕಸುಬು. ಸಾವಿರದ ಮುನ್ನೂರು ಚೀಟಿಗಳಲ್ಲಿ ಅದೆಲ್ಲ ತುಂಬಿತ್ತು. ಒಡೆಯನನ್ನು ಕುರಿತು ಹೆಂಗಸರು ಆಡಿಕೊಂಡ ಹತ್ತೊಂಬತ್ತರಲ್ಲಿ ಮಾತ್ರ ಖಾಲಿ.

ಪ್ರೇಮಲೀಲಾ ಕನ್ನಡಕ ಸರಿಪಡಿಸಿಕೊಂಡು ಮೇಲಿನ ಚೀಟಿಯನ್ನು ಓದಿದರು. "ಕೊಕ್ಕರೆ ಇಳೀತು. ಒಡೆಯನು ಬದುವಿನ ಮೇಲೆ ಬಂದು ನಿಂತಾಗ ಕೂಲಿ ಹೆಂಗಸರು ಒಬ್ಬರಿಗೊಬ್ಬರು ಹೇಳುವ ಎಚ್ಚರಿಕೆ. ಇದನ್ನು ಕೇಳಿದೊಡನೆ ವಯಸ್ಸಿನ ಹುಡುಗಿಯರನ್ನು ಸಾಲಿನ ನಡುವೆ ಸೇರಿಸಿಕೊಳ್ಳುತ್ತಾರೆ." ಅವರ ಮುಖ ಅರಳಿತು. "ತುಂಬಾ ಅಪರೂಪದ ಪ್ರಯೋಗ ಕಣ್ರೀ."

ಅಪರೂಪವೇನು ಬಂತು, ವಾರಕ್ಕೆ ನಾಲ್ಕು ಸಲ ಇಳಿಯುತ್ತಿತ್ತು. ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟು ಬದುವಿನ ಮೇಲೆ ಒಂಟಿಕಾಲಲ್ಲಿ ಊರುಗೋಲಿಗೆ ಒರಗಿ, ಬಗ್ಗಿದವರನ್ನು ನೋಡುತ್ತ ನಿಲ್ಲುವ ಆ ಗದ್ದೆಗಳ ಒಡೆಯ ಪಟೇಲರು ಚನ್ನಬಸವಯ್ಯನವರಿಗೆ ಹೆಣ್ಣು ಕೊಟ್ಟ ಮಾವ. ಇದು ಜವರಯ್ಯನಿಗೆ ಗೊತ್ತಿಲ್ಲದ್ದಲ್ಲ. ಆದರೆ ಮೊದಲನೇ ದಿನವೇ ಮೇಷ್ಟ್ರು, ಶಾಸ್ತ್ರಕ್ಕೆ ನೆಂಟರಿಷ್ಟರು ಯಾರೂ ಇಲ್ಲ ಅಂದಿದ್ದರು. ಪೆದ್ದ ಅದನ್ನು ನಂಬಿದ. ಕೊಕ್ಕರೆಯ ಮಾತಿದ್ದ ಅಧ್ಯಾಯವನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದು, ಹಿಗ್ಗಿಹೋಗಿ, ತಾನೇ ಅವರ ಮನೆಗೆ ಕೊಟ್ಟುಬಂದಿದ್ದ.

ನಿನ್ನೆ ಅವನ ತಾಯಿ ಚಾಮುಂಡಮ್ಮ ಹಾಸ್ಟೆಲಿನ ಗೇಟಿಗೆ ಬಂದಿದ್ದಳು. ಸೀರೆಯ ಅಂಚಿನ ಕೆಸರು ಇನ್ನೂ ಒಣಗಿರಲಿಲ್ಲ.

"ಪಟೇಲ್ರ ಕಡೆಯೋನು ಗದ್ದೆಗೆ ಬಂದಿದ್ದ ಕಣ್ಲಾ. ಕೊಕ್ಕರೆ ಅಂದ ಲೌಡಿ ಯಾವಳ್ರೇ ಅಂತ ಕೇಳ್ದ. ಯಾರೂ ಬಾಯ್ ಬುಡ್ಲಿಲ್ಲ. ಲಕ್ಷ್ಮಮ್ಮನ ಜುಟ್ಟು ಇಡ್ದು ಮೊಕನ ಕೆಸ್ರಿಗೆ ಅದ್ಬುಟ್ಟ. ಮೈಸೂರಿಂದ ಪಟ್ಟಿ ಬತ್ತದೆ, ಆಮೇಲ್ ನೋಡ್ಕೋತೀನಿ ಅಂದ್ಬುಟ್ಟು ಓದ. ಅದೆಂತ ಪಟ್ಟಿಲಾ ಮಗಾ?"

ಜವರಯ್ಯ ಬಗ್ಗಿ ಅವಳ ಸೀರೆಯಂಚಿನ ಕೆಸರನ್ನು ಒರೆಸತೊಡಗಿದ.

"ನನ್ ಎಸ್ರು ಬರ್ದಿದ್ರೆ ಇರ್ಲಿ ಬುಡು, ನಂದ್ ಆಯ್ತು. ಲಕ್ಷ್ಮಮ್ಮನ್ದು ಬರ್ದಿದ್ದೀಯಾ? ಅವಳ ಮಗ್ಳಿಗಿನ್ನೂ ಅದಿನಾಕು ಕಣಪ್ಪ."

ಬರೆದಿದ್ದ. ಎಲ್ಲರದನ್ನೂ ಬರೆದಿದ್ದ, ಚೀಟಿಯಲ್ಲಲ್ಲ, ಗದ್ದೆಯಲ್ಲಿ ಕೂತು ಗೀಚಿಕೊಂಡ ನೋಟುಬುಕ್ಕಿನಲ್ಲಿ. ಅದನ್ನು ಸಮಿತಿಗೆ ತರಲೇಬೇಕೆಂದು ಕಾಗದ ಬಂದಿತ್ತು. ತಂದಿದ್ದ. ಹೆಗಲ ಚೀಲದಲ್ಲಿತ್ತು.

"ನೋಟುಬುಕ್ಕು ತಂದಿದ್ದೀಯಲ್ಲ?" ಚನ್ನಬಸವಯ್ಯ ಎದ್ದರು. "ನಾವು ಒಳಗೆ ಕೂತು ಕಾಫಿ ಕುಡಿದು ಬರ್ತೀವಿ. ಅಷ್ಟರಲ್ಲಿ ಹತ್ತೊಂಬತ್ತನ್ನೂ ತುಂಬಿರಬೇಕು. ಚೀಟಿ ಮೇಲೆ ಹೆಸರಿದ್ರೆ ನನ್ನ ರುಜು. ಇಲ್ದಿದ್ರೆ ನಾಳೆಯಿಂದ ನೀನೂ ಗದ್ದೆಗಿಳಿ. ಅರ್ಥ ಆಯ್ತೇನೋ?"

"ಆಯ್ತು ಸಾ."

ಹಿಂದಿನ ಜಗಲಿಯಲ್ಲಿ ಜವಾನ ನಂಜಯ್ಯ ಇದ್ದಿಲ ಒಲೆ ಊದುತ್ತಿದ್ದ. ಒದ್ದೆ ಇದ್ದಿಲು ಹತ್ತಿಕೊಳ್ಳುತ್ತಿರಲಿಲ್ಲ. ಜವರಯ್ಯ ಚೀಟಿಗಳನ್ನು ಮಂಡಿಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತ. ಪೆನ್ನಿನ ಮುಚ್ಚಳ ತೆಗೆದ. ಸುಳ್ಳು ಹೆಸರು ಬರೆಯಲೇ? ಸತ್ತವರ ಹೆಸರು? ಅವರಿಗೂ ಮಕ್ಕಳಿದ್ದಾರೆ, ಸೊಸೆಯರಿದ್ದಾರೆ. ಊರಿನ ಯಾವ ಹೆಸರು ಹಿಡಿದರೂ ಅದರ ತುದಿಗೊಂದು ಜುಟ್ಟು ಇತ್ತು.

"ಈ ದರಿದ್ರದ್ದು ಅತ್ಕೋತಾನೇ ಇಲ್ಲ," ಅಂದ ನಂಜಯ್ಯ. "ಆ ನನ್ಮಕ್ಳು ಕಾಫಿ ಕಾಫಿ ಅಂತ ಬಡ್ಕೋತಾವ್ರೆ. ಕಾಗ್ದಗೀಗ್ದ ಐತೇನಪ್ಪ?"

ಜವರಯ್ಯ ನೋಟುಬುಕ್ಕನ್ನು ತೆಗೆದ. ಮೊದಲ ಹಾಳೆಯನ್ನು ಹರಿಯುವಾಗ ಜೀವವೇ ಕಿತ್ತುಬಂದ ಹಾಗಾಯಿತು. ಮೂರು ವರ್ಷದ ದುಡಿತ. ಎರಡನೆಯದು ಸಲೀಸಾಗಿ ಬಂತು. ಲಕ್ಷ್ಮಮ್ಮ ಹೋದಳು, ಅವ್ವ ಹೋದಳು. ಹಾಳೆಗಳು ಮುಗಿದ ಮೇಲೆ ರಟ್ಟನ್ನೂ ಒಲೆಗೆ ತುರುಕಿದ. ನೀರು ಕುದಿಯಿತು. ನಂಜಯ್ಯ ಅವನ ಮುಖವನ್ನೊಮ್ಮೆ ನೋಡಿ ಬಟ್ಟಲುಗಳನ್ನು ಜೋಡಿಸಿಕೊಂಡು ಒಳಗೆ ಹೋದ.

ಮತ್ತೆ ಕರೆ ಬಂದಾಗ ಹತ್ತೊಂಬತ್ತು ಚೀಟಿಗಳೂ ತುಂಬಿದ್ದವು. ಚನ್ನಬಸವಯ್ಯನವರು ಒಂದನ್ನು ನೋಡಿದರು, ಮಗುಚಿದರು, ಇನ್ನೊಂದನ್ನು ನೋಡಿದರು. ಕುತ್ತಿಗೆಯ ನರ ಉಬ್ಬಿತು. ಚೀಟಿಗಳನ್ನು ಪ್ರೇಮಲೀಲಾ ಅವರ ಕಡೆ ತಳ್ಳಿದರು.

"ಎಲ್ಲದರಲ್ಲೂ ನಿಮ್ಮ ಹೆಸರೇ ಇದೆಯಲ್ರೀ," ಪ್ರೇಮಲೀಲಾ ಗಲಿಬಿಲಿಗೊಂಡರು. "ಜವರಯ್ಯ, ಇಪ್ಪತ್ತೇಳು, ಇಲವಾಲ, ಹೊಲೆಯ, ಕೂಲಿ. ಹೇಳಿದೋರೂ ನೀವೇ, ಬರ್ಕೊಂಡೋರೂ ನೀವೇ ಅಂದ್ರೆ ಹೇಗೆ? ಕಸುಬು ಸಂಶೋಧನೆ ಅಂತನಾದ್ರೂ ಹಾಕಬಾರದಿತ್ತೇ?"

"ನೋಟುಬುಕ್ಕು ಕೊಡೋ," ಅಂದರು ಚನ್ನಬಸವಯ್ಯ.

"ಇಲ್ಲ ಸಾ. ಸುಟ್ಟಾಕ್ಬುಟ್ಟೆ."

ಮೇಷ್ಟ್ರು ಕೂಗಾಡಲಿಲ್ಲ. ಕೂಗಾಡಿದ್ದರೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಪೆನ್ನಿನ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ ಜೇಬಿಗೆ ಸಿಕ್ಕಿಸಿಕೊಂಡರು. ರುಜುವಿನ ಕಾಗದವನ್ನು ನಾಲ್ಕು ಮಡಿಕೆ ಮಡಚಿದರು.

"ಸರಿ. ಕೊಕ್ಕರೆ ಅಂದೋನು ನೀನೇ ಅಂತಾಯ್ತು. ನಾಳೆ ನಾಟಿ ಇದೆ. ಮಾವನೋರು ಬದೂ ಮೇಲಿರ್ತಾರೆ, ಆಳುಗಳೂ ಇರ್ತಾರೆ. ಬಂದು ಅವರೆದುರಿಗೆ ಹೇಳು."

ಪ್ರೇಮಲೀಲಾ ಕಿಟಕಿಯ ಕಡೆ ತಿರುಗಿದರು. ಜವರಯ್ಯ ಖಾಲಿ ಚೀಲವನ್ನು ಹೆಗಲಿಗೇರಿಸಿಕೊಂಡ.

"ಎಷ್ಟೊತ್ಗೆ ಬರ್ಲಿ ಸಾ?" ಅಂದ.